ಟಚ್ ಹೋಯ್ತು ಅಂದಾಗ ಎಲ್ಲಿಂದ ಹುಡುಕಬೇಕು: ಸಿಂಥ್‌ನ ವೆಲಾಸಿಟಿ, ಎನ್ವಲಪ್ ದೋಷ ನಿವಾರಣೆ

ಗಣೇಶನ ಸೀಸನ್ನು. ರಾತ್ರಿ ಹನ್ನೊಂದೂವರೆಗೆ ಮಂಡ್ಯದ ಕಡೆಯ ಹುಡುಗನೊಬ್ಬ ಫೋನ್ ಮಾಡಿದ, ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುವವನು. "ಅಣ್ಣ, ಟಚ್ ಹೋಗ್ಬುಟ್ಟೈತೆ ಕಣಣ್ಣ. ಹೆಂಗ್ ಒತ್ತುದ್ರೂ ಒಂದೇ ಸೌಂಡು. ನಾಳೆ ಪ್ರೋಗ್ರಾಂ ಐತೆ, ಬಿಚ್ಬುಡ್ಲಾ?" ಸ್ಕ್ರೂಡ್ರೈವರ್ ಆಗಲೇ ಕೈಗೆ ಬಂದಿತ್ತಂತೆ. ಬಿಚ್ಚಬೇಡ, ಮೊದಲು ಪಿಯಾನೊ ಟೋನ್ ಹಾಕಿ ನೋಡು ಅಂದೆ. ಪಿಯಾನೊದಲ್ಲಿ ಟಚ್ ಸರಿಯಾಗಿಯೇ ಇತ್ತು. ಕೆಟ್ಟಿದ್ದು ಕೀಬೋರ್ಡ್ ಅಲ್ಲ, ಹಿಂದಿನ ದಿನ ಅವನೇ ಕೂತು ಮಾಡಿದ್ದ ಲೀಡ್ ಪ್ಯಾಚು, ಅಂದರೆ ಸೇವ್ ಮಾಡಿಟ್ಟ ಟೋನಿನ ಸೆಟ್ಟಿಂಗು. ಶಾರ್ಪ್ ಆಗಿ ಕೇಳಲಿ ಅಂತ ಕಟ್‌ಆಫ್ (ಸದ್ದಿನ ಹೊಳಪನ್ನು ಎಲ್ಲಿವರೆಗೆ ಬಿಡಬೇಕು ಅನ್ನುವ ಮಿತಿ) ತುದಿವರೆಗೂ ಏರಿಸಿ ಸೇವ್ ಮಾಡಿದ್ದ. ಕೈ ಎಷ್ಟು ಹೇಳಿದರೂ ಸದ್ದಿಗೆ ಮೇಲೆ ಹೋಗಲು ಜಾಗವೇ ಉಳಿದಿರಲಿಲ್ಲ.

ಮೈಸೂರಿನಲ್ಲಿ ನನ್ನ ಹತ್ತಿರ ಬರುವ ಟಚ್ ದೂರುಗಳಲ್ಲಿ ಹೆಚ್ಚಿನವು ಇದೇ ಜಾತಿಯವು. ಹಾಗಾಗಿ ಇಲ್ಲಿ ಖರ್ಚಿಲ್ಲದ ಪರೀಕ್ಷೆಗಳು ಮೊದಲು, ಸ್ಕ್ರೂಡ್ರೈವರ್ ಕೊನೆಗೆ.

ಕೈ ಹಾಕುವ ಮೊದಲು

ಕೀ ಕೆಳಗೆ ಏನು ನಡೆಯುತ್ತದೆ ಅನ್ನುವುದು ಗೊತ್ತಿದ್ದರೆ ಅರ್ಧ ಗೊಂದಲ ಕಳೆಯುತ್ತದೆ. ಕೀಬೋರ್ಡ್ ನಿಮ್ಮ ಬೆರಳಿನ ಬಲವನ್ನು ಅಳೆಯುವುದಿಲ್ಲ, ಸಮಯವನ್ನು ಅಳೆಯುತ್ತದೆ. ಸಾಮಾನ್ಯವಾಗಿ ಪ್ರತಿ ಕೀ ಕೆಳಗೆ ಎರಡು ಕಾಂಟ್ಯಾಕ್ಟ್ ಇರುತ್ತವೆ. ಕೀ ಇಳಿಯುವಾಗ ಒಂದು ಮೊದಲು ಕೂಡುತ್ತದೆ, ಇನ್ನೊಂದು ಆಮೇಲೆ. ನಡುವಿನ ಅಂತರ ಕೆಲವೇ ಮಿಲಿಸೆಕೆಂಡ್ ಆದರೆ ಜೋರು, ಹತ್ತಾರು ಮಿಲಿಸೆಕೆಂಡ್ ಆದರೆ ಮೆತ್ತಗೆ. ಆ ಅಂತರವನ್ನು 1ರಿಂದ 127ರೊಳಗಿನ ಒಂದು ಸಂಖ್ಯೆ ಮಾಡಿ ಒಳಗೆ ಕಳಿಸುತ್ತದೆ. ಅದೇ ವೆಲಾಸಿಟಿ, 1983ರಲ್ಲಿ ಮಿಡಿ (ವಾದ್ಯಗಳು, ಕಂಪ್ಯೂಟರುಗಳು ಮಾತಾಡಿಕೊಳ್ಳುವ ಭಾಷೆ) ಬಂದಾಗಿನಿಂದ ಇದೇ ಲೆಕ್ಕ. ಕೀ ತಳ ಮುಟ್ಟಿದ ಮೇಲೆ ಎಷ್ಟು ಅದುಮಿದರೂ ವೆಲಾಸಿಟಿ ಬದಲಾಗುವುದಿಲ್ಲ. ಒತ್ತಿ ಹಿಡಿದು ಅದುಮಿದಾಗ ಬದಲಾಗುವುದು ಆಫ್ಟರ್‌ಟಚ್, ಅದು ಬೇರೆ ಸೌಲಭ್ಯ, ಎಲ್ಲ ಕೀಬೋರ್ಡಿನಲ್ಲೂ ಇರುವುದಿಲ್ಲ. "ಅದುಮಿದ್ರೂ ಏರ್ತಿಲ್ಲ" ಅನ್ನುವ ದೂರನ್ನು ಇಲ್ಲಿಗೇ ಬಿಡಬಹುದು.

ಪ್ಯಾಚ್ ಮುಟ್ಟುವ ಮೊದಲು ಅದನ್ನು ಬೇರೆ ಜಾಗಕ್ಕೆ ಸೇವ್ ಮಾಡಿಕೊಳ್ಳಿ. ಸ್ಪೀಕರ್ ಅಥವಾ ಹೆಡ್‌ಫೋನ್ ವಾಲ್ಯೂಮ್ ಕಾಲು ಭಾಗಕ್ಕೆ ಇಳಿಸಿ. ಫಿಲ್ಟರ್ ಅಂದರೆ ಸದ್ದಿನ ಹೊಳಪನ್ನು ಕಡಿಯುವ ಜರಡಿ, ರೆಸೊನೆನ್ಸ್ ಅಂದರೆ ಆ ಕಡಿಯುವ ಜಾಗದಲ್ಲಿ ಸದ್ದು ಮೊನಚಾಗುವುದು, ಎನ್ವಲಪ್ ಅಂದರೆ ಕೀ ಒತ್ತಿದಾಗಿನಿಂದ ಸದ್ದು ಏರಿ ಇಳಿದು ಆರುವ ರೀತಿ, ಅಮೌಂಟ್ ಅಂದರೆ ಅದರ ಪ್ರಮಾಣ. ಫಿಲ್ಟರ್‌ನ ರೆಸೊನೆನ್ಸ್ ಜಾಸ್ತಿ ಇದ್ದಾಗ ಎನ್ವಲಪ್ ಅಮೌಂಟ್ ತಿರುಗಿಸಿದರೆ ಸದ್ದು ಒಮ್ಮೆಲೇ ಕೀರಿಕೊಳ್ಳುತ್ತದೆ. ಹೆಡ್‌ಫೋನಿನಲ್ಲಿ ಅದು ಕಿವಿಗೆ ನಿಜವಾದ ಅಪಾಯ. ನನಗೊಮ್ಮೆ ಆಗಿ ಎರಡು ದಿನ ಕಿವಿ ಗುಂಯ್ ಅನ್ನುತ್ತಿತ್ತು.

"ಹೆಂಗೆ ಒತ್ತಿದ್ರೂ ಒಂದೇ ಸೌಂಡು"

ಮೊದಲು ಟೋನ್ ಬದಲಿಸಿ. ನೀವು ಆರ್ಗನ್ ಅಥವಾ ಹಾರ್ಮೋನಿಯಂ ಟೋನ್ ಹಾಕಿಕೊಂಡಿದ್ದರೆ ಟಚ್ ಇಲ್ಲದಿರುವುದೇ ಸರಿ. ಹಾರ್ಮೋನಿಯಂನಲ್ಲಿ ಜೋರು ಮೆತ್ತಗೆ ಎಲ್ಲ ಎಡಗೈಯ ತಿದಿಯಲ್ಲಿದೆ, ಕೀಯಲ್ಲಿ ಇಲ್ಲ. ಹಾಗೇ ಹಳೆಯ ಕಾಲದ ಸಿಂಥ್ ಹೋಲುವ ಪ್ಯಾಚುಗಳಲ್ಲೂ ಟಚ್ ಸೊನ್ನೆ ಇಟ್ಟಿರುವುದು ಸಾಮಾನ್ಯ. 1970ರ ಮಿನಿಮೂಗ್‌ಗೆ ವೆಲಾಸಿಟಿಯೇ ಇರಲಿಲ್ಲ, 1984ರ ಜೂನೊ-106ಕ್ಕೂ ಇರಲಿಲ್ಲ. ಅವನ್ನು ಅನುಕರಿಸಿದ ಪ್ಯಾಚ್ ತೆಗೆದುಕೊಂಡು ಟಚ್ ಬೇಕು ಅಂದರೆ ನೀವೇ ಹಾಕಿಕೊಳ್ಳಬೇಕು.

ಪಿಯಾನೊ ಟೋನಿನಲ್ಲೂ ಒಂದೇ ಸದ್ದು ಬಂತೋ, ಆಗ ಸೆಟ್ಟಿಂಗ್ ನೋಡಿ. ಟಚ್ ರೆಸ್ಪಾನ್ಸ್, ಕೀ ಟಚ್, ವೆಲಾಸಿಟಿ ಕರ್ವ್, ಹೆಸರು ಕಂಪನಿಗೊಂದು. ಯಮಹಾದ ಮನೆಬಳಕೆಯ ಕೀಬೋರ್ಡುಗಳಲ್ಲಿ ಸಾಫ್ಟ್, ಮೀಡಿಯಂ, ಹಾರ್ಡ್ ಜೊತೆಗೆ ಫಿಕ್ಸೆಡ್ ಅಂತಲೋ ಆಫ್ ಅಂತಲೋ ಒಂದು ಇರುತ್ತದೆ. ರೋಲ್ಯಾಂಡ್‌ನಲ್ಲಿ ಸಿಸ್ಟಂ ಮೆನುವಿನೊಳಗೆ ಕೀಬೋರ್ಡ್ ವೆಲಾಸಿಟಿ "ರಿಯಲ್" ಎಂದಿರಬೇಕು, ಅಲ್ಲಿ 100 ಅಂತ ಸಂಖ್ಯೆ ಕಂಡರೆ ಯಾರೋ ಅದನ್ನು ಕಟ್ಟಿಹಾಕಿದ್ದಾರೆ ಅಂತಲೇ ಅರ್ಥ. ಬಾಡಿಗೆ ಕೀಬೋರ್ಡುಗಳಲ್ಲಿ ಇದು ಮಾಮೂಲು. ನಿಮಗಿಂತ ಮೊದಲು ತೆಗೆದುಕೊಂಡು ಹೋದವರು ಹಾಗೆ ಮಾಡಿ ಹಾಗೇ ಕೊಟ್ಟಿರುತ್ತಾರೆ.

ಇಷ್ಟಕ್ಕೂ ಬಗ್ಗದಿದ್ದರೆ ಸಂಖ್ಯೆಯನ್ನೇ ನೋಡಿಬಿಡಿ. ಯುಎಸ್‌ಬಿ ಕೇಬಲ್‌ನಲ್ಲಿ ಕಂಪ್ಯೂಟರಿಗೆ ಜೋಡಿಸಿ, ವಿಂಡೋಸ್ ಆದರೆ ಮಿಡಿ-ಆಕ್ಸ್, ಮ್ಯಾಕ್ ಆದರೆ ಮಿಡಿ ಮಾನಿಟರ್ ತೆರೆಯಿರಿ. ಎರಡೂ ಪುಕ್ಕಟೆ ತಂತ್ರಾಂಶ. ಒಂದು ಕೀ ಒತ್ತಿದರೆ 144, 60, 97 ಎನ್ನುವ ಥರ ಮೂರು ಸಂಖ್ಯೆ ಕಾಣುತ್ತವೆ. ಮೊದಲನೆಯದು ಒಂದನೇ ಚಾನೆಲ್ಲಿನಲ್ಲಿ ಕೀ ಒತ್ತಿದರು ಅನ್ನುವ ಸೂಚನೆ, ಎರಡನೆಯದು ಯಾವ ಕೀ (60 ಅಂದರೆ ನಡುವಿನ ಸಿ), ಮೂರನೆಯದು ವೆಲಾಸಿಟಿ. ಕೆಲವು ತೆರೆಗಳಲ್ಲಿ ಇದೇ ಸಾಲು 90 3ಸಿ 61 ಅಂತ ಬರುತ್ತದೆ. ಬರೆಯುವ ಲೆಕ್ಕ ಬೇರೆ, ಸಂಗತಿ ಒಂದೇ. ಕೀ ಬಿಟ್ಟಾಗ ವೆಲಾಸಿಟಿ 0 ಕಂಡರೆ ಗಾಬರಿ ಬೇಡ. ಮಿಡಿಯಲ್ಲಿ ಸೊನ್ನೆ ವೆಲಾಸಿಟಿ ಅಂದರೆ ಕೀ ಬಿಟ್ಟರು ಅಂತ.

ಈಗ ಒಂದೇ ಕೀಯನ್ನು ಮೆತ್ತಗೆ ಹತ್ತು ಸಲ, ಮಾಮೂಲಿ ಹತ್ತು ಸಲ, ಜೋರಾಗಿ ಹತ್ತು ಸಲ ಒತ್ತಿ, ಬರೆದುಕೊಳ್ಳಿ. ನನ್ನ ಕೈಗೆ ಮೀಡಿಯಂ ಕರ್ವಿನಲ್ಲಿ ಮೆತ್ತಗೆ 25–40, ಮಾಮೂಲಿ 60–80, ಜೋರು 100ರ ಮೇಲೆ ಬರುತ್ತದೆ. ಯಾವಾಗಲೂ 64 ಬಂದರೆ ಆ ಕೀಬೋರ್ಡಿಗೆ ವೆಲಾಸಿಟಿ ಸೌಲಭ್ಯವೇ ಇಲ್ಲದಿರಬಹುದು. ಸೌಲಭ್ಯ ಇಲ್ಲದವು 64 ಕಳಿಸಲಿ ಅಂತ ಮಿಡಿ ನಿಯಮದಲ್ಲೇ ಇದೆ. ಯಾವಾಗಲೂ 100 ಅಥವಾ 127 ಬಂದರೆ ಫಿಕ್ಸೆಡ್ ಮೋಡ್. ಸಂಖ್ಯೆ ಸರಾಗವಾಗಿ ಏರಿಳಿಯುತ್ತಿದ್ದರೆ ಕೀಬೋರ್ಡ್ ಗಟ್ಟಿಮುಟ್ಟು, ದೋಷ ಪ್ಯಾಚಿನಲ್ಲಿದೆ, ಮುಂದೆ ಓದಿ. ಈ ಪರೀಕ್ಷೆ ಮಾಡದೆ ಎನ್ವಲಪ್ ತಿರುಗಿಸುವವರಿಗೆ ನಾನು ಫೋನಿನಲ್ಲಿ ಉತ್ತರ ಹೇಳುವುದನ್ನೇ ಬಿಟ್ಟಿದ್ದೇನೆ.

"ಜೋರಾಗುತ್ತೆ, ಆದ್ರೆ ಜೀವ ಬರಲ್ಲ"

ಬಹಳ ಜನರನ್ನು ಕಾಡುವ ದೂರು ಇದು. ಜೋರಾಗಿ ಹೊಡೆದರೆ ವಾಲ್ಯೂಮ್ ಏರುತ್ತದೆ, ಸದ್ದಿನ ಬಣ್ಣ ಅದೇ. ಯಾರೋ ಪಕ್ಕದಲ್ಲಿ ನಿಂತು ವಾಲ್ಯೂಮ್ ತಿರುಗಿಸಿದ ಹಾಗೆ.

ವೀಣೆ ಶೇಷಣ್ಣನವರ ಊರಿನಲ್ಲಿ ಇದನ್ನು ಅರ್ಥ ಮಾಡಿಸಲು ದೂರ ಹೋಗಬೇಕಿಲ್ಲ. ಯಾರ ಮನೆಯಲ್ಲಾದರೂ ವೀಣೆ ಇದ್ದರೆ ಪಕ್ಕದಲ್ಲಿ ಕೂತು ಕೇಳಿ. ಮೆತ್ತಗೆ ಮೀಟಿದರೆ ಸ್ವರ ದುಂಡಗೆ, ಮಂದವಾಗಿ ಬರುತ್ತದೆ. ಉಗುರಿಂದ ಬಲವಾಗಿ ಮೀಟಿದರೆ ಜೋರಾಗುವುದಷ್ಟೇ ಅಲ್ಲ, ಮೊದಲ ಕ್ಷಣದಲ್ಲಿ ಒಂದು ಝಣ್ ಅನ್ನುವ ಹೊಳಪು ಬಂದು ಬೇಗ ಇಳಿದುಹೋಗುತ್ತದೆ, ಉಳಿದದ್ದು ನಿಧಾನವಾಗಿ ಆರುತ್ತದೆ. ಮೇಲಿನ ಹಾರ್ಮೋನಿಕ್‌ಗಳು (ಸ್ವರದ ಜೊತೆಗೇ ಏಳುವ ಎತ್ತರದ ಉಪಸ್ವರಗಳು) ಹೆಚ್ಚು ಎದ್ದು ಬೇಗ ಸಾಯುತ್ತವೆ. ಅಂದರೆ ವೆಲಾಸಿಟಿ ಹೋಗಬೇಕಾದ್ದು ಮುಖ್ಯವಾಗಿ ಫಿಲ್ಟರ್‌ನ ಎನ್ವಲಪ್‌ಗೆ, ವಾಲ್ಯೂಮಿಗೆ ಅದರ ಒಂದು ಪಾಲು ಸಾಕು.

ನೋಡಬೇಕಾದ್ದು ಹೀಗೆ. ಫಿಲ್ಟರ್ ಎನ್ವಲಪ್‌ಗೆ ವೆಲಾಸಿಟಿ ಸೆನ್ಸ್ (ವೆಲಾಸಿಟಿ ಅದನ್ನು ಎಷ್ಟು ಅಲುಗಿಸಬೇಕು ಅನ್ನುವ ಅಂಕ) ಎಷ್ಟಿದೆ? ಸೊನ್ನೆ ಇದ್ದರೆ ಅಲ್ಲಿಗೆ ದೋಷ ಸಿಕ್ಕಿತು. ಏರಿಸಿಯೂ ಏನೂ ಕೇಳಿಸದಿದ್ದರೆ ಜಾಗ ಇಲ್ಲ ಅಂತ. ಲೆಕ್ಕ ಹಾಕಿಯೇ ನೋಡೋಣ. ಕಟ್‌ಆಫ್ 100, ಎನ್ವಲಪ್ ಅಮೌಂಟ್ 40, ವೆಲಾಸಿಟಿ ಹೆಚ್ಚೆಂದರೆ 60 ಸೇರಿಸುತ್ತದೆ ಅಂತ ಇಟ್ಟುಕೊಳ್ಳಿ. ಮೆತ್ತಗೆ, 40ರಲ್ಲಿ ಒತ್ತಿದರೆ ವೆಲಾಸಿಟಿ ಪಾಲು ಸುಮಾರು 19, ಒಟ್ಟು 159. ಜೋರಾಗಿ, 110ರಲ್ಲಿ ಹೊಡೆದರೆ ಪಾಲು 52, ಒಟ್ಟು 192. ಆದರೆ ಫಿಲ್ಟರ್ 127ಕ್ಕೇ ಪೂರ್ತಿ ತೆರೆದುಬಿಟ್ಟಿದೆ. ಎರಡೂ ಒಂದೇ ಸದ್ದು. ಈಗ ಕಟ್‌ಆಫ್ 35ಕ್ಕೆ, ಎನ್ವಲಪ್ ಅಮೌಂಟ್ 15ಕ್ಕೆ ಇಳಿಸಿ. ಮೆತ್ತಗೆ 69, ಜೋರಿಗೆ 102. ಈಗ ಕಿವಿಗೆ ವ್ಯತ್ಯಾಸ ಸಿಗುತ್ತದೆ. ಒಂದೊಂದು ಸಿಂಥ್ ಒಳಗೆ ಮಾಡುವ ಲೆಕ್ಕ ಇಷ್ಟು ಸರಳ ಇರಲಿಕ್ಕಿಲ್ಲ, ಆದರೆ ಎಲ್ಲ ಕಡೆ ತತ್ವ ಇದೇ: ಮೆತ್ತಗಿನ ಸದ್ದನ್ನು ಮೊದಲು ಮಂದ ಮಾಡಿ, ಆಮೇಲೆ ಕೈಗೆ ಹತ್ತಲು ಮೆಟ್ಟಿಲು ಕೊಡಿ. ನಮ್ಮ ಹುಡುಗರು ಪ್ಯಾಚ್ ಮಾಡುವಾಗ ಜೋರಾಗಿ ಹೊಡೆದು ಚೆನ್ನಾಗಿದೆ ಅಂತ ಸೇವ್ ಮಾಡುತ್ತಾರೆ. ನಾನು 30ರಲ್ಲಿ ಒತ್ತಿಕೊಂಡು ಪ್ಯಾಚ್ ಕಟ್ಟುತ್ತೇನೆ.

ಇನ್ನೊಂದು ಕಳ್ಳ ಸಸ್ಟೇನ್. ಎನ್ವಲಪ್‌ಗೆ ನಾಲ್ಕು ಭಾಗ: ಅಟ್ಯಾಕ್ ಅಂದರೆ ಏರುವ ಸಮಯ, ಡಿಕೇ ಅಂದರೆ ಆಮೇಲೆ ಇಳಿಯುವ ಸಮಯ, ಸಸ್ಟೇನ್ ಅಂದರೆ ಕೀ ಹಿಡಿದಿರುವಾಗ ನಿಲ್ಲುವ ಮಟ್ಟ, ರಿಲೀಸ್ ಅಂದರೆ ಕೀ ಬಿಟ್ಟ ಮೇಲೆ ಆರುವ ಸಮಯ. ಫಿಲ್ಟರ್ ಎನ್ವಲಪ್‌ನ ಸಸ್ಟೇನ್ 127ರಲ್ಲಿ ಇದ್ದರೆ ಡಿಕೇಗೆ ಕೆಲಸವೇ ಇಲ್ಲ. ಏರಿದ ಹೊಳಪು ಕೀ ಬಿಡುವವರೆಗೂ ಅಲ್ಲೇ ನಿಂತಿರುತ್ತದೆ, ಮೀಟಿದ ಭಾವ ಬರುವುದಿಲ್ಲ. ನನ್ನ ವೀಣೆ ಪ್ಯಾಚಿನಲ್ಲಿ ವಾಲ್ಯೂಮ್ ಎನ್ವಲಪ್ ಅಟ್ಯಾಕ್ 2 ಮಿಲಿಸೆಕೆಂಡ್, ಡಿಕೇ ಸುಮಾರು ಮೂರು ಸೆಕೆಂಡ್, ಸಸ್ಟೇನ್ 0, ರಿಲೀಸ್ 300 ಮಿಲಿಸೆಕೆಂಡ್. ಫಿಲ್ಟರ್ ಎನ್ವಲಪ್‌ನ ಡಿಕೇ ಮಾತ್ರ 600 ಮಿಲಿಸೆಕೆಂಡ್, ವಾಲ್ಯೂಮಿನದಕ್ಕಿಂತ ತೀರಾ ಕಡಿಮೆ. ಹೊಳಪು ಮೊದಲು ಇಳಿದು ಸ್ವರ ಆಮೇಲೆ ಆರುವುದು ಈ ಅಂತರದಿಂದಲೇ. ಜೋರಾಗಿ ಮೀಟಿದ್ದು ಹೆಚ್ಚು ಹೊತ್ತು ನಿಲ್ಲುತ್ತದಲ್ಲ ಅಂತ ವಾಲ್ಯೂಮ್ ಡಿಕೇಗೂ ವೆಲಾಸಿಟಿ ಕಟ್ಟುವವರಿದ್ದಾರೆ. ಅಷ್ಟು ಅಗತ್ಯವಿಲ್ಲ. ಎತ್ತರದಿಂದ ಶುರುವಾದ ಸದ್ದು ಅದೇ ವೇಗದಲ್ಲಿ ಇಳಿದರೂ ಕಿವಿಗೆ ಹೆಚ್ಚು ಹೊತ್ತು ಕೇಳುತ್ತದೆ.

ಎಫ್‌ಎಂ ಸಿಂಥ್‌ನಲ್ಲಿ, ಅಂದರೆ ಒಂದು ಅಲೆಯಿಂದ ಇನ್ನೊಂದನ್ನು ಅಲುಗಿಸಿ ಬಣ್ಣ ಹುಟ್ಟಿಸುವಂಥದ್ದರಲ್ಲಿ, ಫಿಲ್ಟರ್ ಹುಡುಕಬೇಡಿ. 1983ರ ಯಮಹಾ ಡಿಎಕ್ಸ್7ನಲ್ಲಿ ಅಲೆ ಹುಟ್ಟಿಸುವ ಆರು ಆಪರೇಟರ್‌ಗಳಿವೆ, ಒಂದೊಂದಕ್ಕೂ 0ಯಿಂದ 7ರವರೆಗೆ ವೆಲಾಸಿಟಿ ಸೆನ್ಸ್. ಸದ್ದು ಹೊರಗೆ ಕೊಡುವ ಕ್ಯಾರಿಯರ್‌ಗೆ ಸೆನ್ಸ್ ಕೊಟ್ಟರೆ ವಾಲ್ಯೂಮ್ ಬದಲಾಗುತ್ತದೆ, ಅದನ್ನು ಅಲುಗಿಸುವ ಮಾಡ್ಯುಲೇಟರ್‌ಗೆ ಕೊಟ್ಟರೆ ಬಣ್ಣ ಬದಲಾಗುತ್ತದೆ. ಜೀವ ಇಲ್ಲದ ಎಫ್‌ಎಂ ಪ್ಯಾಚುಗಳಲ್ಲಿ ಮಾಡ್ಯುಲೇಟರ್ ಸೆನ್ಸ್ ಸೊನ್ನೆ ಇರುತ್ತದೆ. ಆ ಮೂಲ ಡಿಎಕ್ಸ್7ನ ಕೀಬೋರ್ಡ್ ಎಷ್ಟು ಹೊಡೆದರೂ 127 ಮುಟ್ಟುತ್ತಿರಲಿಲ್ಲ. ಅದಕ್ಕಾಗಿ ಮಾಡಿದ ಪ್ಯಾಚನ್ನು ಇವತ್ತಿನ ಕೀಬೋರ್ಡಿನಲ್ಲಿ ಜೋರಾಗಿ ಹೊಡೆದರೆ ತಗಡು ಬಡಿದ ಹಾಗೆ ಕೇಳುವುದು ಇದರಿಂದ. ಸೆನ್ಸ್ ಒಂದೆರಡು ಅಂಕ ಇಳಿಸಿ. ಕಲಿಯಲು ಡೆಕ್ಸೆಡ್ ಅನ್ನುವ ಪುಕ್ಕಟೆ ತಂತ್ರಾಂಶ ಸಾಕು, ಫಿಲ್ಟರ್ ಇರುವ ಸಿಂಥ್ ಕಲಿಯಲು ಸರ್ಜ್ ಎಕ್ಸ್‌ಟಿ.

"ಮೆತ್ತಗೆ ಒತ್ತಿದ್ರೆ ಕೇಳಾಕಿಲ್ಲ"

ಮಂಡ್ಯ, ಮದ್ದೂರು ಕಡೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕಕ್ಕೆ ಈಗ ಹಾರ್ಮೋನಿಯಂ ಜೊತೆ ಕೀಬೋರ್ಡೂ ಬಂದಿದೆ. ಕುರುಕ್ಷೇತ್ರ ಆಡಿಸುವ ಮೇಷ್ಟ್ರೊಬ್ಬರು ಕೀಬೋರ್ಡ್ ತೆಗೆದುಕೊಂಡು ವಾರದಲ್ಲಿ ವಾಪಸ್ ತಂದರು. "ಇದ್ರಲ್ಲಿ ಸ್ವರ ನುಂಗ್ತದೆ ಕಣಪ್ಪ, ದುರ್ಯೋಧನ ಹಾಡೋ ಹೊತ್ತಿಗೆ ಕೈ ಕೊಡ್ತು." ಅವರ ಎದುರೇ ಸಂಖ್ಯೆ ನೋಡಿದೆ. 18, 22, 15. ಕೀಬೋರ್ಡಿನಲ್ಲಿ ಏನೂ ದೋಷವಿರಲಿಲ್ಲ. ನಲವತ್ತು ವರ್ಷ ಹಾರ್ಮೋನಿಯಂ ನುಡಿಸಿದ ಕೈ ಅದು, ಕೀ ಮುಟ್ಟಿದರೆ ಸಾಕು ಸ್ವರ ಬರುತ್ತದೆ ಅಂತ ಕಲಿತ ಕೈ. ಬೆರಳನ್ನು ಈ ವಯಸ್ಸಿನಲ್ಲಿ ಬದಲಿಸಿಕೊಳ್ಳಿ ಅಂತ ಹೇಳುವುದು ನನ್ನಿಂದಾಗದು. ಟಚ್ ಕರ್ವನ್ನು ಸಾಫ್ಟ್‌ಗೆ ಹಾಕಿದೆ, ಹಾಡಿನ ಜೊತೆಯ ಟೋನಿಗೆ ವಾಲ್ಯೂಮಿನ ವೆಲಾಸಿಟಿ ಸೆನ್ಸ್ ಅರ್ಧಕ್ಕೆ ಇಳಿಸಿದೆ. ಐದು ನಿಮಿಷದ ಕೆಲಸ.

ಇಲ್ಲೊಂದು ಎಡವಟ್ಟು ಆಗುತ್ತಿರುತ್ತದೆ. ಸಾಫ್ಟ್ ಅಥವಾ ಲೈಟ್ ಅಂದರೆ ಸದ್ದು ಮೆತ್ತಗಾಗುತ್ತದೆ ಅಂತಲ್ಲ. ಸ್ವಲ್ಪ ಒತ್ತಿದರೂ ದೊಡ್ಡ ಸಂಖ್ಯೆ ಹೋಗುತ್ತದೆ ಅಂತ. ಹಾರ್ಡ್, ಹೆವಿ ಇದಕ್ಕೆ ತಿರುಗುಮುರುಗು. ಉಲ್ಟಾ ತಿಳಿದು ಹೆವಿ ಹಾಕಿಕೊಂಡು ಬೆರಳು ನೋಯಿಸಿಕೊಂಡವರನ್ನು ನೋಡಿದ್ದೇನೆ. ಕಂಪ್ಯೂಟರ್ ಜೊತೆ ನುಡಿಸುವವರು ತಂತ್ರಾಂಶದಲ್ಲೂ ಇನ್ನೊಂದು ಕರ್ವ್ ಇದೆಯೇ ನೋಡಿ, ಎರಡು ಕರ್ವ್ ಒಂದರ ಮೇಲೊಂದು ಕೂತರೆ ಲೆಕ್ಕ ತಪ್ಪುತ್ತದೆ.

"ಸ್ಪೀಡಾಗಿ ನುಡಿಸಿದ್ರೆ ಸ್ವರ ಸಣ್ಣದಾಗುತ್ತೆ"

ಕೊಳಲು, ಪಿಟೀಲು, ಸ್ಟ್ರಿಂಗ್ಸ್ ಟೋನುಗಳಲ್ಲಿ ಬರುತ್ತದೆ. ನಿಧಾನದ ಹಾಡಿನಲ್ಲಿ ಚೆನ್ನ, ಓಡುವ ಹಾಡಿನಲ್ಲಿ ಸ್ವರಗಳು ಬಡಕಲು. ಅಟ್ಯಾಕ್ ಸಮಯ ಸ್ವರಕ್ಕಿಂತ ಉದ್ದವಾಗಿದೆ ಅಷ್ಟೆ. ನಿಮಿಷಕ್ಕೆ 120 ಬಡಿತದ ಹಾಡಿನಲ್ಲಿ ಬಡಿತಕ್ಕೆ ನಾಲ್ಕು ಸ್ವರ ನುಡಿಸಿದರೆ ಒಂದು ಸ್ವರಕ್ಕೆ ಸಿಗುವುದು 125 ಮಿಲಿಸೆಕೆಂಡ್. ಅಟ್ಯಾಕ್ 300 ಇದ್ದರೆ, ನೇರವಾಗಿ ಏರುವ ಎನ್ವಲಪ್ ಅಂದುಕೊಂಡರೂ, ಸದ್ದು ಶೇಕಡಾ 42ರಷ್ಟು ಏರುವಾಗಲೇ ನೀವು ಕೀ ಬಿಟ್ಟಿರುತ್ತೀರಿ.

ಹಾಗಂತ ಅಟ್ಯಾಕ್ ಸೊನ್ನೆ ಮಾಡಿದರೆ ಪಿಟೀಲು ಪಿಟೀಲಾಗಿ ಉಳಿಯುವುದಿಲ್ಲ. ವೆಲಾಸಿಟಿಯನ್ನು ಅಟ್ಯಾಕ್ ಸಮಯಕ್ಕೆ ಕಟ್ಟಿ: ಮೆತ್ತಗೆ ಒತ್ತಿದರೆ ನಿಧಾನವಾಗಿ ಹುಟ್ಟಲಿ, ಜೋರಾಗಿ ಒತ್ತಿದರೆ 20–30 ಮಿಲಿಸೆಕೆಂಡಿನಲ್ಲಿ ಏಳಲಿ. ಪ್ಲಸ್ ಮೈನಸ್ ತಪ್ಪುವುದು ಇಲ್ಲೇ. ಕೆಲವು ಸಿಂಥ್‌ನಲ್ಲಿ ಪ್ಲಸ್ ಅಂದರೆ ಜೋರಾಗಿ ಹೊಡೆದಷ್ಟೂ ವೇಗ, ಕೆಲವದರಲ್ಲಿ ಜೋರಾಗಿ ಹೊಡೆದಷ್ಟೂ ಸಮಯ ಉದ್ದ. ಪುಸ್ತಕ ಹುಡುಕುತ್ತಾ ಕೂರಬೇಡಿ. ಸೆನ್ಸ್ ಪೂರ್ತಿ ಪ್ಲಸ್‌ಗೆ ಏರಿಸಿ, ಒಮ್ಮೆ ಜೋರಾಗಿ ಹೊಡೆದು ಕೇಳಿ, ಆಮೇಲೆ ಪೂರ್ತಿ ಮೈನಸ್‌ಗೆ ತಂದು ಇನ್ನೊಮ್ಮೆ. ಯಾವ ಕಡೆ ಬೇಕೋ ಆ ಕಡೆ ಕಾಲು ಭಾಗಕ್ಕೆ ನಿಲ್ಲಿಸಿ.

"ಮೊದಲ ಸ್ವರಕ್ಕೆ ಮಾತ್ರ ಟಚ್ ಇದೆ"

ಒಂದು ಕೀ ಬಿಡದೆ ಇನ್ನೊಂದು ಒತ್ತಿದಾಗ ಎರಡನೆಯದಕ್ಕೆ ಟಚ್ ಬರದಿದ್ದರೆ ಪ್ಯಾಚ್ ಮೊನೊ-ಲೆಗಾಟೊದಲ್ಲಿದೆ, ಅಂದರೆ ಒಮ್ಮೆಗೆ ಒಂದೇ ಸ್ವರ, ಸ್ವರಗಳು ಒಂದಕ್ಕೊಂದು ಕೂಡಿಕೊಂಡು ಬರುವ ಮೋಡ್‌ನಲ್ಲಿ. ಲೆಗಾಟೊದಲ್ಲಿ ಎನ್ವಲಪ್ ಹೊಸದಾಗಿ ಶುರುವಾಗುವುದಿಲ್ಲ, ಸ್ವರ ಮಾತ್ರ ಜಾರುತ್ತದೆ. ಬಹುತೇಕ ಸಿಂಥ್‌ಗಳಲ್ಲಿ ಮೊದಲ ಸ್ವರದ ವೆಲಾಸಿಟಿಯೇ ಉಳಿಯುತ್ತದೆ. ಇದು ದೋಷವಲ್ಲ, ಗಮಕ ನುಡಿಸುವವರಿಗೆ ವರ. ವೀಣೆಯಲ್ಲಿ ಒಮ್ಮೆ ಮೀಟಿ ಎಳೆದು ಮೂರು ಸ್ವರ ತೆಗೆಯುವುದೂ ಇದೇ ತಾನೆ. ಪ್ರತಿ ಸ್ವರಕ್ಕೂ ಮೀಟು ಬೇಕಾದ ಕಡೆ ಬೆರಳನ್ನು ಪೂರ್ತಿ ಎತ್ತಿ ನುಡಿಸಿ. ಆಗದಿದ್ದರೆ ಲೆಗಾಟೊ ಆಫ್ ಮಾಡಿ ಮೊನೊ ಮಾತ್ರ ಇಡಿ.

"ಒಂದೊಂದ್ ಸಲ ಸ್ವರವೇ ಮಾಯ, ಇಲ್ಲಾ ಬೇರೆ ವಾದ್ಯ ಬರುತ್ತೆ"

ಒಂದೇ ಪ್ಯಾಚಿನೊಳಗೆ ಎರಡು ಮೂರು ಟೋನ್ ಇಟ್ಟು, ಮೆತ್ತಗೆ ಒತ್ತಿದರೆ ಒಂದು, ಜೋರಾಗಿ ಹೊಡೆದರೆ ಇನ್ನೊಂದು ಬರುವ ಹಾಗೆ ವೆಲಾಸಿಟಿ ರೇಂಜ್ ಕೊಟ್ಟಿರುತ್ತಾರೆ. ಬಾಸ್ ಗಿಟಾರಿನ ಸ್ಲ್ಯಾಪ್ ಹಾಗೆಯೇ ಬರುವುದು. ಇದ್ದಕ್ಕಿದ್ದಂತೆ ವಾದ್ಯ ಬದಲಾಗುವುದಾದರೆ ಗಡಿಯನ್ನು ನಿಮ್ಮ ಕೈಗೆ ತಕ್ಕ ಹಾಗೆ ಮೇಲಕ್ಕೆ ತಳ್ಳಿ. ಒಂದು ಟೋನ್ ಕರಗುತ್ತಾ ಇನ್ನೊಂದು ಏರುವ ಕ್ರಾಸ್‌ಫೇಡ್ ಸೌಲಭ್ಯ ಇದ್ದರೆ ಬಳಸಿ.

ಸ್ವರ ಮಾಯವಾಗುವುದು ಇನ್ನೂ ತಮಾಷೆ. ಒಂದು ಟೋನ್ 1ರಿಂದ 80, ಇನ್ನೊಂದು 82ರಿಂದ 127 ಅಂತ ಬರೆದಿದ್ದ ಪ್ಯಾಚ್ ಒಂದನ್ನು ನೋಡಿದ್ದೆ. ಸರಿಯಾಗಿ 81 ಬಿದ್ದಾಗ ಮಾತ್ರ ಮೌನ. ಆ ಮನುಷ್ಯ ಆರು ತಿಂಗಳು ಕೇಬಲ್ ಬದಲಿಸುತ್ತಾ ಇದ್ದ.

"ಟಕ್ ಅಂತ ಸದ್ದು ಬರುತ್ತೆ"

ಜೋರಾಗಿ ಹೊಡೆದಾಗ ಶುರುವಿನಲ್ಲಿ ಟಕ್ ಅಂದರೆ ವಾಲ್ಯೂಮ್ ಅಟ್ಯಾಕ್ 0ಯಿಂದ 2–5 ಮಿಲಿಸೆಕೆಂಡಿಗೆ ಏರಿಸಿ. ಕೀ ಬಿಟ್ಟಾಗ ಟಕ್ ಅಂದರೆ ರಿಲೀಸ್‌ಗೆ 10–20 ಕೊಡಿ. ತುಂಬಾ ಸ್ವರ ಒಟ್ಟಿಗೆ ಹಿಡಿದಾಗ ಮಾತ್ರ ಬಂದರೆ ಪಾಲಿಫೊನಿ (ಒಮ್ಮೆಗೆ ಎಷ್ಟು ಸ್ವರ ನುಡಿಯಬಹುದು ಅನ್ನುವ ಮಿತಿ) ಮುಗಿದು ಹಳೆಯ ಸ್ವರ ಕಡಿದುಹೋಗುತ್ತಿದೆ, ರಿಲೀಸ್ ಕಡಿಮೆ ಮಾಡಿ ಅಥವಾ ಒಟ್ಟಿಗೆ ನುಡಿಯುವ ಲೇಯರ್‌ಗಳಲ್ಲಿ (ಟೋನುಗಳಲ್ಲಿ) ಒಂದನ್ನು ತೆಗೆಯಿರಿ.

"ಮನೇಲಿ ಚೆನ್ನಾಗಿತ್ತು, ಸ್ಟೇಜಲ್ಲಿ ಸತ್ತೋಯ್ತು"

ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಮಾಡಿದ ಪ್ಯಾಚಿನಲ್ಲಿ ಮೆತ್ತಗಿನ ಸ್ವರಗಳು ಚಂದ ಕೇಳುತ್ತವೆ. ಡ್ರಮ್ಮು, ತಮಟೆ, ಜನರೇಟರ್ ಸದ್ದಿನ ನಡುವೆ ಅವು ಎಲ್ಲೋ ಹೋಗುತ್ತವೆ. ಸ್ಟೇಜಿಗೆ ಅಂತಲೇ ಪ್ಯಾಚಿನ ಇನ್ನೊಂದು ಪ್ರತಿ ಇಟ್ಟುಕೊಳ್ಳಿ. ಅದರಲ್ಲಿ ವಾಲ್ಯೂಮಿನ ವೆಲಾಸಿಟಿ ಸೆನ್ಸ್ ಮೂರನೇ ಒಂದಕ್ಕೆ ಇಳಿಸಿ, ಫಿಲ್ಟರಿನದು ಹಾಗೇ ಬಿಡಿ. ಆಗ ಮೆತ್ತಗೆ ನುಡಿಸಿದ್ದೂ ಕೇಳುತ್ತದೆ, ಜೋರಾಗಿ ನುಡಿಸಿದ್ದು ಬಣ್ಣದಿಂದ ಗೊತ್ತಾಗುತ್ತದೆ.

ಅದಾದರೂ ಸಪ್ಪೆ ಅನಿಸಿದರೆ ಮಿಕ್ಸರ್ ಕಡೆ ನೋಡಿ. ನಿಮ್ಮ ಚಾನೆಲ್ಲಿಗೆ ಕಂಪ್ರೆಸರ್ ಬಿಗಿಯಾಗಿ ಹಾಕಿದ್ದರೆ ಕೈಯ ಏರಿಳಿತವನ್ನೆಲ್ಲ ಅದು ಚಪ್ಪಟೆ ಮಾಡಿಬಿಡುತ್ತದೆ. ಪರೀಕ್ಷೆ ಸುಲಭ: ಕೀಬೋರ್ಡಿನ ಹೆಡ್‌ಫೋನ್ ಜ್ಯಾಕಿನಲ್ಲಿ ಕೇಳಿ. ಅಲ್ಲಿ ಟಚ್ ಇದೆ, ಸ್ಪೀಕರಿನಲ್ಲಿ ಇಲ್ಲ ಅಂದರೆ ಪ್ಯಾಚ್ ಮುಟ್ಟಬೇಡಿ. ಸೌಂಡಿನವರ ಹತ್ತಿರ ಹೋಗಿ "ಅಣ್ಣ, ಕೀಬೋರ್ಡ್ ಲೈನಿಗೆ ಕಂಪ್ರೆಸರ್ ಸ್ವಲ್ಪ ಬಿಡಿಸಿ" ಅನ್ನಿ. ಪ್ರೋಗ್ರಾಂ ಶುರುವಾಗುವ ಮೊದಲೇ ಕೇಳಿ, ಆಮೇಲೆ ಕೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

"ನಾಲ್ಕೈದು ಕೀ ಮಾತ್ರ ಸಿಡಿಯುತ್ತೆ"

ಇದು ನಿಜವಾದ ಹಾರ್ಡ್‌ವೇರ್ ದೂರು. ಒಂದೆರಡು ಕೀ ಎಷ್ಟು ಮೆತ್ತಗೆ ಮುಟ್ಟಿದರೂ 127, ಅಥವಾ ಒಮ್ಮೆ ಬರುತ್ತದೆ ಒಮ್ಮೆ ಇಲ್ಲ. ಎರಡು ಕಾಂಟ್ಯಾಕ್ಟ್‌ಗಳಲ್ಲಿ ಒಂದು ಸರಿಯಾಗಿ ಕೂಡುತ್ತಿಲ್ಲ. ಕೀ ಕೆಳಗಿನ ರಬ್ಬರ್ ಪಟ್ಟಿಯ ಕಪ್ಪು ಕಾರ್ಬನ್ ಗುಂಡಿಗೆ ಧೂಳು ಕೂತಿರುತ್ತದೆ, ಇಲ್ಲ ಪಟ್ಟಿ ತನ್ನ ತೂತಿನಿಂದ ಎದ್ದಿರುತ್ತದೆ. ಜಾತ್ರೆ ಧೂಳು, ಆಲೆಮನೆ ಪಕ್ಕದ ಮನೆಯ ಬೂದಿ, ಅಟ್ಟದ ಮೇಲಿನ ಜಿರಳೆ, ನಮ್ಮ ಕಡೆಯ ಕೀಬೋರ್ಡುಗಳ ಹೊಟ್ಟೆಯಲ್ಲಿ ಎಲ್ಲವೂ ಸಿಕ್ಕಿವೆ.

ಬಿಚ್ಚುವ ಮೊದಲು ದುಡ್ಡಿಲ್ಲದ ಕೆಲಸ: ತೊಂದರೆಯ ಕೀಯನ್ನು ಐವತ್ತು ಸಲ ಗಟ್ಟಿಯಾಗಿ ಒತ್ತಿ. ಸಣ್ಣ ಧೂಳಾದರೆ ಅಷ್ಟಕ್ಕೇ ಸರಿಹೋಗುವುದುಂಟು. ಕೆಟ್ಟ ಕೀಗಳು ಯಾವುವು ಅಂತ ಗುರುತು ಮಾಡಿ. ಅಕ್ಕಪಕ್ಕದ ನಾಲ್ಕೈದು ಆದರೆ ಧೂಳು, ನೀರು, ರಬ್ಬರ್ ಪಟ್ಟಿ. ಒಂದೇ ಅಂತರದಲ್ಲಿ, ಅಂದರೆ ಪ್ರತಿ ಎಂಟನೆಯ ಕೀ ಹೀಗೆ ಕೆಟ್ಟಿದ್ದರೆ ರಬ್ಬರಿನ ತಪ್ಪಲ್ಲ. ಕೀಗಳನ್ನು ಸಾಲು ಸಾಲಾಗಿ ಓದುವ ಸರ್ಕ್ಯೂಟಿನಲ್ಲೋ ರಿಬ್ಬನ್ ಕೇಬಲಿನಲ್ಲೋ ದೋಷವಿದೆ. ಆಗ ನೀವು ಬಿಚ್ಚುವುದೇ ಬೇಡ.

ವಾರಂಟಿ ಇದ್ದರೂ ಬಿಚ್ಚಬೇಡಿ. ಇಲ್ಲದಿದ್ದರೆ, ಕೈ ಹಿಡಿತ ಇದ್ದರೆ: ಅಡಾಪ್ಟರ್ ಗೋಡೆಯಿಂದಲೇ ಕಿತ್ತು, ಬ್ಯಾಟರಿ ತೆಗೆದು, ಹತ್ತು ನಿಮಿಷ ಬಿಡಿ. ಗೋಡೆಯ ಕರೆಂಟ್ ನೇರವಾಗಿ ಒಳಗೆ ಬರುವ ಮಾದರಿ, ಅಂದರೆ ದಪ್ಪ ಪವರ್ ಕಾರ್ಡ್ ಇರುವಂಥದ್ದು ಆದರೆ ಮೆಕ್ಯಾನಿಕ್ ಹತ್ತಿರವೇ ಹೋಗಿ, ಸ್ವಿಚ್ ಆರಿಸಿದ ಮೇಲೂ ಪವರ್ ಬೋರ್ಡಿನ ಕೆಪಾಸಿಟರ್‌ಗಳಲ್ಲಿ ಹೊಡೆಯುವಷ್ಟು ಕರೆಂಟ್ ಉಳಿದಿರುತ್ತದೆ. ಸ್ಕ್ರೂಗಳು ಬೇರೆ ಬೇರೆ ಉದ್ದ ಇರುತ್ತವೆ, ಪ್ರತಿ ಹಂತಕ್ಕೂ ಫೋಟೊ ತೆಗೆದು, ತೆಗೆದ ಜಾಗದ ಚಿತ್ರದ ಮೇಲೆಯೇ ಸ್ಕ್ರೂ ಇಡಿ. ಉದ್ದದ ಸ್ಕ್ರೂ ಗಿಡ್ಡದರ ಜಾಗಕ್ಕೆ ಹಾಕಿದರೆ ಮೇಲಿನ ಪ್ಯಾನೆಲ್ ತೂತು ಬೀಳುತ್ತದೆ. ಚಪ್ಪಟೆ ರಿಬ್ಬನ್ ಕೇಬಲನ್ನು ಎಳೆಯಬೇಡಿ, ಅದರ ಲಾಕ್ ಬಿಡಿಸಿಯೇ ತೆಗೆಯಿರಿ.

ಬೋರ್ಡಿನ ಮೇಲಿನ ಕಪ್ಪು ಕಾಂಟ್ಯಾಕ್ಟ್‌ಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಕಿವಿಕಡ್ಡಿ ಹತ್ತಿಯಿಂದ ಹಗುರವಾಗಿ ಒರೆಸಿ. ಮೊಬೈಲ್ ರಿಪೇರಿ ಅಂಗಡಿಯವರ ಹತ್ತಿರ ಇದು ಇರುತ್ತದೆ. ರಬ್ಬರಿನ ಗುಂಡಿಗಳನ್ನು ಉಜ್ಜಬೇಡಿ, ಕಾರ್ಬನ್ ಎದ್ದುಹೋದರೆ ಹೊಸ ಪಟ್ಟಿಯೇ ಗತಿ. ಬೆರಳಲ್ಲಿ ಮುಟ್ಟಲೂ ಬೇಡಿ, ಎಣ್ಣೆ ಅಂಟುತ್ತದೆ. ಪೆಟ್ರೋಲ್, ಥಿನ್ನರ್, ಬಾಗಿಲ ಕೀಲಿಗೆ ಹೊಡೆಯುವ ಎಣ್ಣೆ ಸ್ಪ್ರೇ ಯಾವುದೂ ಬೇಡ. ಆಲ್ಕೊಹಾಲ್ ಬೇಗ ಹತ್ತಿಕೊಳ್ಳುತ್ತದೆ, ಊದುಬತ್ತಿ ದೀಪ ದೂರವಿರಲಿ, ಕಿಟಕಿ ತೆಗೆದಿರಲಿ. ಪಟ್ಟಿ ಮತ್ತೆ ಕೂರಿಸುವಾಗ ಅದರ ಅಡಿಯ ಪ್ರತಿ ರಬ್ಬರ್ ಮೊಳೆಯೂ ತೂತಿನೊಳಗೆ ಪೂರ್ತಿ ಇಳಿದಿರಬೇಕು. ಒಂದು ಎದ್ದಿದ್ದರೂ ಆ ಕೀ ಮತ್ತೆ 127 ಅನ್ನುತ್ತದೆ. ನಾನು ಮೊದಲ ಸಲ ಮಾಡಿದಾಗ ಎರಡು ಕೀ ಸರಿಮಾಡಲು ಹೋಗಿ ಮೂರು ಕೆಡಿಸಿದ್ದು ಹೀಗೆಯೇ.

ಇಲ್ಲಿಗೆ ನಿಲ್ಲಿಸಿ

ಸುಟ್ಟ ವಾಸನೆ, ಅಡಾಪ್ಟರ್ ಕೈ ಇಡಲಾಗದಷ್ಟು ಬಿಸಿ, ಜ್ಯಾಕ್ ಮುಟ್ಟಿದರೆ ಜುಮ್ ಅನ್ನುವುದು, ಕಾಫಿಯೋ ಮಳೆ ನೀರೋ ಒಳಗೆ ಹೋಗಿರುವುದು, ಇವುಗಳಲ್ಲಿ ಯಾವುದು ಕಂಡರೂ ಪ್ಲಗ್ ಕಿತ್ತು ಮತ್ತೆ ಆನ್ ಮಾಡದೆ ಮೆಕ್ಯಾನಿಕ್‌ಗೆ ಕೊಡಿ. ನೀರು ಬಿದ್ದದ್ದು ಒಣಗಿತೇನೋ ಅಂತ ಆನ್ ಮಾಡಿ ನೋಡುವುದರಿಂದಲೇ ಬೋರ್ಡ್ ಹೋಗುವುದು ಹೆಚ್ಚು. ಅಡಾಪ್ಟರ್ ಬದಲಿಸುವಾಗ ವೋಲ್ಟೇಜ್ ಹೊಂದಿದರೆ ಸಾಲದು, ಪಿನ್ನಿನ ಪ್ಲಸ್ ಮೈನಸ್ ಕಂಪನಿಯಿಂದ ಕಂಪನಿಗೆ ಬೇರೆ, ಜ್ಯಾಕ್ ಪಕ್ಕದ ಗುರುತು ನೋಡಿಯೇ ಹಾಕಿ. ಹಳ್ಳಿ ಪ್ರೋಗ್ರಾಮಿನಲ್ಲಿ ಜನರೇಟರ್ ಲೈನಿಗೆ ಹಾಕುವ ಮೊದಲು ಎಲೆಕ್ಟ್ರಿಷಿಯನ್ ಕೈಲಿ ವೋಲ್ಟೇಜ್, ಅರ್ತಿಂಗ್ ಎರಡೂ ನೋಡಿಸಿ. 230ರ ಆಸುಪಾಸು ಇಲ್ಲದಿದ್ದರೆ ಸ್ಟೆಬಿಲೈಸರ್ ಇಲ್ಲದೆ ಹಾಕಬೇಡಿ.

ಕಾಂಟ್ಯಾಕ್ಟ್ ಎರಡು ಸಲ ಸ್ವಚ್ಛ ಮಾಡಿಯೂ ಅದೇ ಕೀಗಳು ಸಿಡಿದರೆ ಮೂರನೇ ಸಲ ಬಿಚ್ಚಬೇಡಿ, ಪ್ಲಾಸ್ಟಿಕ್ಕಿನಲ್ಲಿ ಸ್ಕ್ರೂ ಹಿಡಿತ ಹೋಗುತ್ತದೆ. ಮೆಕ್ಯಾನಿಕ್ ಹತ್ತಿರ ಹೋಗುವಾಗ "ಟಚ್ ಸರಿ ಇಲ್ಲ" ಅಂತ ಮಾತ್ರ ಹೇಳಿ ಕೊಟ್ಟು ಬರಬೇಡಿ, ಆಗ ಬರೆದಿಟ್ಟುಕೊಂಡ ಸಂಖ್ಯೆಯ ಚೀಟಿ ಕೀಬೋರ್ಡಿಗೆ ಅಂಟಿಸಿ. ಮೇಷ್ಟ್ರ ಕೀಬೋರ್ಡು ಮುಂದಿನ ವರ್ಷ ನಿಜವಾಗಿಯೇ ಕೆಟ್ಟು ಬಂದಾಗ ಅದರ ಮೇಲೆ ಹಾಳೆಯೊಂದು ಅಂಟಿತ್ತು, ನಾಟಕದ ಚೀಟಿ ಬರೆಯುವ ಅದೇ ದುಂಡು ಅಕ್ಷರದಲ್ಲಿ: "ನಡುವಿನ ಬಿಳಿ ಒಂದು: ಮೆತ್ತಗೆ 31, 28, 35. ಪಕ್ಕದ ಕರಿ: 127, 127, 127. ಅದರ ಮುಂದಿನ ಬಿಳಿ: ಬರ್ತದೆ, ಬರಾಕಿಲ್ಲ, ಬರ್ತದೆ." ಬಿಚ್ಚಿದ ಐದು ನಿಮಿಷಕ್ಕೆ ಎದ್ದಿದ್ದ ಮೊಳೆ ಸಿಕ್ಕಿತು.